ಲಂಚದ ಕೋಟೆ, ಅದೃಷ್ಟದ ಇಗರ್ಜಿ

ಕಳೆದ ಮಳೆಗಾಲದ ಒಂದು ಭಾನುವಾರ ನನ್ನ ಇಬ್ಬರು ಆಳುಗಳು ಕೂಲಿ ತೆಗೆದುಕೊಂಡೂ ಕೆಲಸ ಮಾಡದೆ ಬರಿಗೈಲಿ ಮನೆಗೆ ಬಂದರು. ತಪ್ಪು ಅವರದಲ್ಲ. ಹೆಬ್ಬೆರಳಿನ ಉಗುರಿನಷ್ಟಿರುವ ಮರದ ಉರುಟುಗಳು ಅವು. ನಾನು ನಿಲ್ಲಿಸಿದ ಕಡೆ ನಿಂತಿದ್ದವು. ಎದುರು ಕೂತ ಗೆಳೆಯ ಎರಡು ಕಾಸು ತೆತ್ತು ಬಿಳಿಯ ಕಾಯಿಯೊಂದನ್ನು ಎರಡು ಮನೆ ಹಿಂದಕ್ಕೆ ಎಳೆದ. ಆ ಕಾಯಿ ದಾಟದ ಕಡೆ ಕೆಲಸ ನಡೆಯುವುದಿಲ್ಲ. ನನಗೆ ಬರಬೇಕಿದ್ದ ಕಲ್ಲು ಬರಲಿಲ್ಲ, ಕಲ್ಲಿಲ್ಲದೆ ಕೋಟೆಯ ಗೋಡೆಯಲ್ಲಿ ನನ್ನ ಪಾಲು ಏಳಲಿಲ್ಲ. ಗೆಳೆಯನಿಗೆ ಅದರಿಂದ ಆದ ಲಾಭವೇನು ಎಂದರೆ ಏನೂ ಇಲ್ಲ. ನನಗೆ ಆಗದಿದ್ದರೆ ಸಾಕಿತ್ತು ಅವನಿಗೆ.

ಆಟದ ಹೆಸರು ಕೇಲಸ್. ಫ್ರಾನ್ಸಿನ ವಿಲಿಯಂ ಅತ್ತಿಯಾ ರಚಿಸಿದ್ದು, ಇಸ್ತಾರಿ ಎಂಬ ಪುಟ್ಟ ಸಂಸ್ಥೆ 2005ರಲ್ಲಿ ಹೊರತಂದದ್ದು. ಮರುವರ್ಷವೇ ಜರ್ಮನಿಯ ಕಾಸ್ಮೋಸ್ ಸಂಸ್ಥೆಯಿಂದ ಅದರ ದಾಯಾದಿಯಂಥ ಇನ್ನೊಂದು ಆಟ ಬಂತು: ಮಿಖಾಯೆಲ್ ರೀನೆಕ್ ಮತ್ತು ಸ್ಟೆಫಾನ್ ಸ್ಟಾಡ್ಲರ್ ಜೋಡಿಯ ‘ಪಿಲ್ಲರ್ಸ್ ಆಫ್ ದಿ ಅರ್ತ್’. ಮೊದಲನೆಯದರಲ್ಲಿ ರಾಜನಿಗೆ ಕೋಟೆ ಕಟ್ಟಬೇಕು, ಎರಡನೆಯದರಲ್ಲಿ ಮಠಕ್ಕೆ ದೊಡ್ಡ ಇಗರ್ಜಿ. ಎರಡರಲ್ಲೂ ಮರ, ಕಲ್ಲು, ಕಾಸು, ಆಳು. ಕೊನೆಗೆ ಯಾರ ಹೆಸರಿಗೆ ಹೆಚ್ಚು ಅಂಕ ಎಂಬ ಲೆಕ್ಕ. ಅಂಗಡಿಯ ಕಪಾಟಿನಲ್ಲಿ ಎರಡೂ ಪೆಟ್ಟಿಗೆಗಳನ್ನು ಪಕ್ಕಪಕ್ಕ ಕಂಡವರು ಒಂದಿದ್ದರೆ ಸಾಲದೇ ಎಂದು ಕೇಳುತ್ತಾರೆ. ನಾನೂ ಕೇಳಿದ್ದೆ. ಎರಡನ್ನೂ ಹಲವು ವರ್ಷ ಆಡಿದ ಮೇಲೆ ಈಗ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಂಥ ಆಟಗಳಲ್ಲಿ ಮಧ್ಯಯುಗ ಎನ್ನುವುದು ಡಬ್ಬಿಯ ಮೇಲಿನ ಚಿತ್ರ ಮಾತ್ರವೋ, ನಿಯಮದ ಒಳಗೂ ಇಳಿದಿದೆಯೋ? ಈ ಎರಡರ ಎಲುಬುಗೂಡು ಒಂದೇ ಆದ್ದರಿಂದ ಮೇಲಿನ ಮಾಂಸ ಎಲ್ಲಿ ಬೇರೆಯಾಗುತ್ತದೆ ಎಂದು ಕಾಣುವುದು ಸುಲಭ.

ಎಲುಬುಗೂಡು ಎಂದದ್ದು ‘ವರ್ಕರ್ ಪ್ಲೇಸ್‌ಮೆಂಟ್’ ಎಂದು ಆಟದವರು ಕರೆಯುವ ಪದ್ಧತಿ. ಮಣೆಯ ಮೇಲೆ ಕೆಲಸದ ಜಾಗಗಳಿರುತ್ತವೆ. ಸರದಿ ಬಂದಂತೆ ಒಬ್ಬೊಬ್ಬರು ಒಂದೊಂದು ಆಳನ್ನು ಒಂದೊಂದು ಜಾಗದಲ್ಲಿ ನಿಲ್ಲಿಸುತ್ತಾರೆ. ಒಬ್ಬನ ಆಳು ನಿಂತ ಜಾಗಕ್ಕೆ ಸಾಮಾನ್ಯವಾಗಿ ಇನ್ನೊಬ್ಬನ ಆಳು ಬರುವಂತಿಲ್ಲ. ಹೊರಡಲಿರುವ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿ ಗೊತ್ತಿರುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಇಂಗ್ಲೆಂಡಿನ ರಿಚರ್ಡ್ ಬ್ರೀಸ್ 1998ರಲ್ಲಿ ತಂದ ‘ಕೀಡಮ್’ ಆಟದಲ್ಲೇ ಇದರ ಮೊಳಕೆ ಇತ್ತು ಎಂದು ಬಲ್ಲವರು ಹೇಳುತ್ತಾರೆ. ಆದರೆ ಮೊಳಕೆಯನ್ನು ಮರ ಮಾಡಿದ್ದು ಕೇಲಸ್. ಅದರ ನಂತರ ಪಿಲ್ಲರ್ಸ್, 2007ರಲ್ಲಿ ಊವೆ ರೋಸನ್‌ಬರ್ಗ್ ಅವರ ‘ಅಗ್ರಿಕೋಲ’, 2008ರಲ್ಲಿ ‘ಸ್ಟೋನ್ ಏಜ್’ ಹೀಗೆ ಸಾಲುಸಾಲಾಗಿ ಬಂದವು. ಇಂದು ಬೆಂಗಳೂರಿನ ಯಾವ ಬೋರ್ಡ್ ಗೇಮ್ ಕೆಫೆಗೆ ಹೋದರೂ ಕಪಾಟಿನಲ್ಲಿ ಈ ವಂಶದ ಪೆಟ್ಟಿಗೆಗಳು ಕಾಣುತ್ತವೆ.

ಎಲ್ಲರೂ ಮಧ್ಯಯುಗಕ್ಕೇ ಏಕೆ ಓಡುತ್ತಾರೆ ಎಂಬುದಕ್ಕೂ ಒಂದು ಉತ್ತರವಿದೆ. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಯುದ್ಧದ ಆಟಿಕೆಗಳ ಬಗ್ಗೆ ಒಂದು ಸಂಕೋಚ ಬೆಳೆಯಿತು. ಮನೆಮಂದಿ ಕೂತು ಆಡುವ ಆಟದಲ್ಲಿ ಕೊಲ್ಲುವುದು ಬೇಡ, ಕಟ್ಟುವುದು ಇರಲಿ ಎಂಬ ಮನಸ್ಸು. ಕಟ್ಟುವುದಕ್ಕೆ ಕೋಟೆ, ಪೇಟೆ, ಇಗರ್ಜಿಗಳಿಗಿಂತ ಒಳ್ಳೆಯ ವಸ್ತು ಎಲ್ಲಿ ಸಿಗಬೇಕು? ಅಮೆರಿಕದ ಯುದ್ಧದಾಟಗಳ ದಾರಿ ಬೇರೆ. ಅಲ್ಲಿನ ಜಿಎಂಟಿ ಸಂಸ್ಥೆ 1290ರಿಂದ 1398ರವರೆಗಿನ ದಖ್ಖನಿನ ಮೇಲೆ ‘ವಿಜಯನಗರ’ ಎಂಬ ಆಟವನ್ನೇ ತಂದಿದೆ. ದೆಹಲಿ ಸುಲ್ತಾನರು, ಬಹಮನಿಗಳು, ವಿಜಯನಗರದವರು ಅದರಲ್ಲಿ ಮೂರು ಪಕ್ಷ. ಅದರ ಕಾಲ ಶುರುವಾಗುವುದಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ, 1289ರಲ್ಲಿ, ಕೇಲಸ್ ಶುರುವಾಗುತ್ತದೆ. ಇಲ್ಲಿ ದಂಡು ನಡೆಯುತ್ತಿದ್ದರೆ ಅಲ್ಲಿ ಗಾರೆ ಕಲಸುತ್ತಿದ್ದಾರೆ.

ಕೇಲಸ್‌ನ ಕತೆ ಎರಡೇ ಸಾಲು. ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್, ಸುಂದರ ಫಿಲಿಪ್ ಎಂದು ಹೆಸರಾದವನು, ಗಡಿ ಕಾಯಲು ಹೊಸ ಕೋಟೆಯೊಂದನ್ನು ಕಟ್ಟಿಸಲು ಹೊರಟಿದ್ದಾನೆ. ಹಳ್ಳಿಯ ಹೆಸರು ಕೇಲಸ್. ದಕ್ಷಿಣ ಫ್ರಾನ್ಸಿನ ಕೆರ್ಸಿ ಸೀಮೆಯಲ್ಲಿ ಇದೇ ಹೆಸರಿನ ಊರು ನಿಜವಾಗಿಯೂ ಇದೆ. ಹಾಗೆಂದು ಇತಿಹಾಸ ಹುಡುಕಿಕೊಂಡು ಅಲ್ಲಿಗೆ ಹೋಗಬೇಕಿಲ್ಲ. ತಮ್ಮ ಆಟಗಳ ಹೆಸರಿನಲ್ಲಿ ವೈ ಮತ್ತು ಎಸ್ ಎರಡೂ ಅಕ್ಷರ ಬರಬೇಕೆಂಬುದು ಇಸ್ತಾರಿಯವರ ಖಯಾಲಿ: ‘ಇಸ್’, ‘ಮೈಕೆರಿನೋಸ್’, ‘ಇಸ್ಪಹಾನ್’ ಎಲ್ಲವೂ ಹಾಗೇ. ಊರಿನ ಹೆಸರು ಆ ಖಯಾಲಿಗೆ ಒದಗಿಬಂತು ಎಂದುಕೊಂಡರೂ ನಷ್ಟವಿಲ್ಲ.

ಮಣೆಯ ಮೇಲೆ ಒಂದು ರಸ್ತೆ. ಕೋಟೆಯ ಬಾಗಿಲಿಂದ ಹೊರಟು ಹಾವಿನಂತೆ ಸುತ್ತಿ ಸಾಗುತ್ತದೆ. ಶುರುವಿಗೆ ರಸ್ತೆಯ ಈಚೆ ತುದಿಯಲ್ಲಿ ಮಾತ್ರ ಕಟ್ಟಡಗಳು, ಮುಂದಿನದೆಲ್ಲ ಖಾಲಿ. ಆಟಗಾರರು ಬಡಗಿಯನ್ನೋ ಕಲ್ಲುಕುಟಿಗನನ್ನೋ ಹಿಡಿದು ಹೊಸ ಕಟ್ಟಡ ಎಬ್ಬಿಸಿದಂತೆ ಊರು ಬೆಳೆಯುತ್ತದೆ. ನಾನು ಕಟ್ಟಿದ ಕಾರ್ಖಾನೆಗೆ ನೀವೂ ಆಳು ಕಳಿಸಬಹುದು. ಸಾಮಾನು ನಿಮಗೆ, ಒಂದು ಅಂಕ ನನಗೆ. ಹೀಗಾಗಿ ಒಳ್ಳೆಯ ಕಟ್ಟಡ ಕಟ್ಟುವುದೆಂದರೆ ಎದುರಾಳಿಗೆ ಬೇಕಾದದ್ದನ್ನು ಕಟ್ಟುವುದು. ನಮ್ಮ ಊರುಗಳಲ್ಲಿ ಹಿಟ್ಟಿನ ಗಿರಣಿ ಹಾಕಿದವನ ಲೆಕ್ಕಾಚಾರವೇ ಇದು: ಗಿರಣಿ ಹಾಕಿದವನಿಗೆ ತನ್ನ ಮನೆಯ ರಾಗಿಗಿಂತ ಊರಿನ ರಾಗಿಯ ಚಿಂತೆ.

ಆದರೆ ಆಟದ ಜೀವ ಇರುವುದು ಕಟ್ಟಡಗಳಲ್ಲಲ್ಲ, ರಸ್ತೆಯ ಮೇಲಿನ ಎರಡು ಬಿಳಿ ಕಾಯಿಗಳಲ್ಲಿ. ಒಂದು ಬೇಲಿಫ್, ಇನ್ನೊಂದು ಪ್ರೊವೊಸ್ಟ್. ಎಲ್ಲರೂ ಆಳುಗಳನ್ನು ನಿಲ್ಲಿಸಿ ಮುಗಿದ ಮೇಲೆ, ಕೆಲಸ ಶುರುವಾಗುವ ಮುನ್ನ, ಒಬ್ಬೊಬ್ಬರಿಗೂ ಒಂದು ಅವಕಾಶ. ಒಂದು ಹೆಜ್ಜೆಗೆ ಒಂದು ಕಾಸಿನಂತೆ ಮೂರು ಹೆಜ್ಜೆಯವರೆಗೆ ಪ್ರೊವೊಸ್ಟನನ್ನು ಹಿಂದಕ್ಕೋ ಮುಂದಕ್ಕೋ ಸರಿಸಬಹುದು. ಕೊನೆಗೆ ಅವನು ಎಲ್ಲಿ ನಿಲ್ಲುತ್ತಾನೋ ಅದರಾಚೆಯ ಕಟ್ಟಡಗಳೆಲ್ಲ ಆ ಸುತ್ತಿಗೆ ಬಂದ್. ನಿಯಮಪುಸ್ತಕ ಇದನ್ನು ಯಾವ ಹೆಸರಿನಿಂದಲಾದರೂ ಕರೆಯಲಿ, ಮೇಜಿನ ಸುತ್ತ ಕೂತವರೆಲ್ಲ ಕರೆಯುವುದು ಲಂಚ ಎಂದೇ. ಬೇಲಿಫನ ವಿಷಯ ಹಾಗಲ್ಲ. ಅವನಿಗೆ ಯಾರೂ ಕಾಸು ಕೊಡುವಂತಿಲ್ಲ. ಸುತ್ತು ಮುಗಿದಾಗ ತನ್ನ ಪಾಡಿಗೆ ತಾನು ಒಂದು ಹೆಜ್ಜೆ, ಪ್ರೊವೊಸ್ಟ್ ತನಗಿಂತ ಮುಂದಿದ್ದರೆ ಎರಡು ಹೆಜ್ಜೆ, ಮುಂದೆ ನಡೆಯುತ್ತಾನೆ. ಪ್ರೊವೊಸ್ಟ್ ಬಂದು ಅವನ ಪಕ್ಕ ನಿಲ್ಲುತ್ತಾನೆ. ಮತ್ತೆ ಲಂಚ ಶುರು.

ಮೊದಮೊದಲು ಇದು ರಚನಕಾರನ ಚಮತ್ಕಾರ ಎಂದುಕೊಂಡಿದ್ದೆ. ಆಮೇಲೆ ಆ ಕಾಲದ ಫ್ರಾನ್ಸಿನ ಆಡಳಿತದ ಬಗ್ಗೆ ಓದುವಾಗ ನಗು ಬಂತು. ಪ್ರೊವೊಸ್ಟ್‌ಗಿರಿ ಎನ್ನುವುದು ಅಲ್ಲಿ ನಿಜಕ್ಕೂ ಹರಾಜಿಗೆ ಹೋಗುತ್ತಿದ್ದ ಹುದ್ದೆ. ಹೆಚ್ಚು ಕೂಗಿದವನು ರಾಜನಿಗೆ ಇಂತಿಷ್ಟು ಎಂದು ಕಟ್ಟಿ, ಆಮೇಲೆ ಊರಿನಿಂದ ತನಗೆ ಬೇಕಾದಷ್ಟು ಎತ್ತುತ್ತಿದ್ದ. ನಮ್ಮ ಹಳೆಯ ಕಡತಗಳ ಭಾಷೆಯಲ್ಲಿ ಹೇಳುವುದಾದರೆ ಇಜಾರೆ. ಅವರ ಕಾಟ ತಡೆಯುವುದಕ್ಕೆಂದೇ ಅವರ ಮೇಲೆ ಸಂಬಳ ಪಡೆಯುವ ಬೇಲಿಫರು ಬಂದರು. 1190ರ ಹೊತ್ತಿಗೆ ಎರಡನೆಯ ಫಿಲಿಪನ ಶಾಸನದಲ್ಲೇ ಅವರ ಪ್ರಸ್ತಾಪವಿದೆ. ಅವನ ಮೊಮ್ಮಗ ಒಂಬತ್ತನೆಯ ಲೂಯಿ 1254ರಲ್ಲಿ ಹೊರಡಿಸಿದ ಕಟ್ಟಳೆಯಲ್ಲಿ ಇಂಥ ಅಧಿಕಾರಿಗಳು ಕಾಣಿಕೆ ಮುಟ್ಟಬಾರದೆಂದು ಕಟ್ಟುನಿಟ್ಟು ಮಾಡಿದ. 1261ರಲ್ಲಿ ಎಟಿಯೆನ್ ಬ್ವಾಲೋನನ್ನು ನೇಮಿಸಿ ಪ್ಯಾರಿಸ್ಸಿನ ಪ್ರೊವೊಸ್ಟ್‌ಗಿರಿಯನ್ನು ಮಾರಾಟದಿಂದ ತಪ್ಪಿಸಿ ಸಂಬಳದ ಹುದ್ದೆ ಮಾಡಿದ. ಕೇಲಸ್‌ನ ದೊರೆ ಈ ಲೂಯಿಯ ಮೊಮ್ಮಗ. ಅಂದರೆ, ಕೊಳ್ಳಬಹುದಾದ ಪ್ರೊವೊಸ್ಟ್, ಕೊಳ್ಳಲಾಗದ ಬೇಲಿಫ್ ಎಂಬ ಈ ಎರಡು ಕಾಯಿಗಳು ನೂರು ವರ್ಷದ ಆಡಳಿತ ಸುಧಾರಣೆಯನ್ನು ಒಂದು ರಸ್ತೆಯ ಮೇಲೆ ನಡೆಸುತ್ತಿವೆ. ಕೊಂಕು ತೆಗೆಯಲೇಬೇಕೆಂದರೆ ಒಂದುಂಟು: ನಿಜವಾದ ಕೇಲಸ್ ಇರುವ ದಕ್ಷಿಣದಲ್ಲಿ ಈ ಅಧಿಕಾರಿಯನ್ನು ಬೇಲಿಫ್ ಎನ್ನುತ್ತಿರಲಿಲ್ಲ, ಸೆನೆಶಾಲ್ ಎನ್ನುತ್ತಿದ್ದರು. ಆಟ ಆಡುತ್ತಾ ಇದನ್ನು ಎತ್ತಿದ್ದಕ್ಕೆ ಗೆಳೆಯರು ನನ್ನ ಸರದಿಯನ್ನೇ ಹಾರಿಸಿಬಿಟ್ಟರು.

ಇನ್ನೊಂದು ಸೂಕ್ಷ್ಮ ಕಾಸಿನದು. ಆಟದ ನಾಣ್ಯ ಡೆನಿಯೆ. ಹನ್ನೆರಡು ಸೇರಿದರೆ ಒಂದು ಸೂ, ಅಂಥ ಇಪ್ಪತ್ತು ಸೂ ಸೇರಿದರೆ ಒಂದು ಲೀವ್ರ್. ಪುಡಿಗಾಸು. ಒಂದು ಸುತ್ತಿಗೆ ಖಾಯಂ ಆದಾಯ ಎರಡೇ ಡೆನಿಯೆ. ಆಳೊಬ್ಬನನ್ನು ನಿಲ್ಲಿಸಲು ಒಂದು ಡೆನಿಯೆ. ಆದರೆ ಯಾರಾದರೂ ‘ನಾನು ಪಾಸ್’ ಎಂದ ಕ್ಷಣ ಉಳಿದವರಿಗೆ ಕೂಲಿ ಎರಡಾಗುತ್ತದೆ, ಇನ್ನೊಬ್ಬ ಎದ್ದರೆ ಮೂರು. ಮೊದಲು ಎದ್ದವನಿಗೆ ಒಂದು ಡೆನಿಯೆ ಬಹುಮಾನ ಬೇರೆ. ಕಡೆಗೆ ಎದ್ದವನಿಗೆ ಪ್ರೊವೊಸ್ಟನನ್ನು ಕಡೆಯದಾಗಿ ಸರಿಸುವ ಹಕ್ಕು. ನನ್ನ ಗೆಳೆಯ ಅಂದು ಮಾಡಿದ್ದು ಅದನ್ನೇ. ನಾನು ಒಂದು ಕಾಸಿನ ಆಸೆಗೆ ಬೇಗ ಎದ್ದೆ. ಅವನು ದುಬಾರಿ ಕೂಲಿ ತೆತ್ತು ಕೂತೇ ಇದ್ದ.

ಈ ಕಾಸಿನ ಬಿಕ್ಕಟ್ಟು ಕಲ್ಪನೆಯಲ್ಲ. ಅದೇ ದಶಕದಲ್ಲಿ ಇಂಗ್ಲೆಂಡಿನ ಮೊದಲನೆಯ ಎಡ್ವರ್ಡ್ ವೇಲ್ಸ್‌ನಲ್ಲಿ ಸಾಲು ಕೋಟೆಗಳನ್ನು ಕಟ್ಟಿಸುತ್ತಿದ್ದ. 1295ರಲ್ಲಿ ಶುರುವಾದ ಬೋಮಾರಿಸ್ ಕೋಟೆಯಿಂದ ಮರುವರ್ಷ ಮೇಸ್ತ್ರಿ ಜೇಮ್ಸ್ ಅರಮನೆಯ ಖಜಾನೆಗೆ ಬರೆದ ಪತ್ರ ಉಳಿದಿದೆ. 400 ಕಲ್ಲುಕುಟಿಗರು, 2000 ಸಾಮಾನ್ಯ ಕೂಲಿಗಳು, ಕ್ವಾರಿಯಲ್ಲಿ 200 ಜನ, ಸಾಗಿಸಲು ಗಾಡಿ, ದೋಣಿ ಎಂದು ಲೆಕ್ಕ ಒಪ್ಪಿಸಿ, ವಾರಕ್ಕೆ 250 ಪೌಂಡ್ ಬೇಕೆಂದು ಅಂಗಲಾಚುತ್ತಾನೆ ಆತ. ಹಣ ಬರಲಿಲ್ಲ. ಕೋಟೆ ಇಂದಿಗೂ ಅರ್ಧಕ್ಕೇ ನಿಂತಿದೆ. ಫಿಲಿಪನದೂ ಅದೇ ಪಾಡು. 1295ರ ನಂತರ ನಾಣ್ಯದಲ್ಲಿ ಬೆಳ್ಳಿ ಕಡಿಮೆ ಮಾಡುತ್ತಾ ಹೋದ, 1306ರಲ್ಲಿ ಯಹೂದಿಗಳನ್ನು ಓಡಿಸಿ ಅವರ ಆಸ್ತಿ ಹಿಡಿದ, ಮರುವರ್ಷ ಟೆಂಪ್ಲರ್ ಸಂನ್ಯಾಸಿ ಯೋಧರನ್ನು ಬಂಧಿಸಿದ. ಇವಾವುದೂ ಕೇಲಸ್‌ನ ಮಣೆಯ ಮೇಲಿಲ್ಲ. ಆದರೆ ಎರಡು ಗಂಟೆ ಡೆನಿಯೆ ಎಣಿಸುತ್ತಾ ಕೂತವರಿಗೆ ಆ ದೊರೆಯ ಹಪಾಹಪಿ ಅರ್ಥವಾಗದೆ ಇರದು.

ಪಿಲ್ಲರ್ಸ್‌ನ ಹುಟ್ಟು ಬೇರೆ. ಅದಕ್ಕೊಂದು ಕಾದಂಬರಿಯೇ ತಾಯಿ. ಪತ್ತೇದಾರಿ, ಗೂಢಚಾರರ ಕತೆಗಳಿಗೆ ಹೆಸರಾಗಿದ್ದ ವೇಲ್ಸ್ ಮೂಲದ ಕೆನ್ ಫಾಲೆಟ್ 1989ರಲ್ಲಿ ಇದ್ದಕ್ಕಿದ್ದಂತೆ ಸಾವಿರ ಪುಟದ ಸನಿಹದ ಒಂದು ಕತೆ ಬರೆದರು. ಕಿಂಗ್ಸ್‌ಬ್ರಿಜ್ ಎಂಬ ಕಲ್ಪಿತ ಊರಿನಲ್ಲಿ ಇಗರ್ಜಿಯೊಂದು ಏಳುವ ಕತೆ. ಕಾಲ 1123ರಿಂದ 1174. (ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ, ಆ ಕಡೆ ಟಾಮ್ ಎಂಬ ಕಲ್ಲುಕುಟಿಗ ಕೆಲಸ ಹುಡುಕುತ್ತಾ ಹೆಂಡತಿ ಮಕ್ಕಳ ಜೊತೆ ಅಲೆಯುವ ಹೊತ್ತಿಗೆ ಈ ಕಡೆ ದಾಸೋಜ, ಚಾವಣರು ಮದನಿಕೆಯರ ಕೆಳಗೆ ತಮ್ಮ ಹೆಸರು ಕೆತ್ತಿಯಾಗಿತ್ತು.) ಜರ್ಮನ್ ಓದುಗರಿಗೆ ಈ ಕಾದಂಬರಿ ಎಷ್ಟು ಹಿಡಿಸಿತೆಂದರೆ, 2004ರಲ್ಲಿ ಅಲ್ಲಿನ ಜೆಡ್‌ಡಿಎಫ್ ಟಿವಿ ನಡೆಸಿದ ಮೆಚ್ಚಿನ ಪುಸ್ತಕಗಳ ಮತದಾನದಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಮತ್ತು ಬೈಬಲ್ ನಂತರ ಮೂರನೆಯ ಸ್ಥಾನ ಇದಕ್ಕೆ. ಎರಡು ವರ್ಷದಲ್ಲಿ ಜರ್ಮನ್ ಸಂಸ್ಥೆಯೊಂದು ಅದನ್ನು ಮಣೆಗೆ ಇಳಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮಿಖಾಯೆಲ್ ಮೆನ್ಜೆಲ್ ಬರೆದ ಚಿತ್ರ ನೋಡಿದರೆ ಕಾಡು, ಕ್ವಾರಿ, ಸಂತೆ, ಮಠ ಎಲ್ಲವೂ ಸಂಜೆಬಿಸಿಲಿನಲ್ಲಿ ತೊಯ್ದ ಹಾಗಿವೆ. ಕೇಲಸ್‌ನ ಮಣೆಯನ್ನು ಅದರ ಪಕ್ಕ ಇಟ್ಟರೆ ಯಾರೋ ಸರ್ವೆಯವರು ಬಿಟ್ಟು ಹೋದ ನಕ್ಷೆಯಂತೆ ಕಾಣುತ್ತದೆ.

ಇಲ್ಲಿ ಎರಡು ಬಗೆಯ ಆಳುಗಳು. ಕೂಲಿಯವರನ್ನು ಕಾಡಿಗೆ, ಕ್ವಾರಿಗೆ, ಮರಳುಗುಂಡಿಗೆ ಕಳಿಸಿ ಸಾಮಾನು ತರಿಸಬೇಕು. ಯಾವ ಚೀಟಿಗೆ ಎಷ್ಟು ಜನ ಬೇಕೆಂದು ಅದರಲ್ಲೇ ಬರೆದಿರುತ್ತದೆ. ಮಿಕ್ಕವರು ಉಣ್ಣೆ ಗಿರಣಿಗೆ ಹೋಗಿ ನಾಲ್ಕು ಕಾಸು ತರುತ್ತಾರೆ. ಅವರ ಮೇಲೆ ಮೇಸ್ತ್ರಿಗಳು, ಒಬ್ಬೊಬ್ಬರಿಗೆ ಮೂವರು. ಎಲ್ಲರ ಮೇಸ್ತ್ರಿಗಳನ್ನೂ ಒಂದು ಬಟ್ಟೆಯ ಚೀಲಕ್ಕೆ ಹಾಕಿ ಕಲಸಿ ಒಂದೊಂದಾಗಿ ಹೊರತೆಗೆಯುತ್ತಾರೆ. ಮೊದಲು ಬಂದವನನ್ನು ಬೇಕಾದ ಕಡೆ ಕೂರಿಸಲು ಏಳು ಹೊನ್ನು, ಎರಡನೆಯವನಿಗೆ ಆರು, ಹೀಗೆ ಇಳಿಯುತ್ತಾ ಕಡೆಗೆ ಪುಕ್ಕಟೆ. ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಮೇಸ್ತ್ರಿಯನ್ನು ಅಲ್ಲೇ ಕಾಯಿಸಬಹುದು. ಚೀಲ ಖಾಲಿಯಾದ ಮೇಲೆ ಉಳಿದ ಜಾಗಗಳಲ್ಲಿ ಅವನಿಗೂ ಒಂದು ಸಿಗುತ್ತದೆ, ಬಿಟ್ಟಿಯಾಗಿ. ಇದರ ಮೇಲೆ ಪ್ರತಿ ಸುತ್ತಿಗೂ ಒಂದು ಒಳ್ಳೆಯದೋ ಕೆಟ್ಟದೋ ಘಟನೆಯ ಚೀಟಿ. ಕೆಟ್ಟದ್ದರಿಂದ ತಪ್ಪಿಸಿಕೊಳ್ಳಲು ಬಿಷಪ್‌ನ ಆಶ್ರಯದಲ್ಲಿ ಮೇಸ್ತ್ರಿ ಇರಬೇಕು. ತೆರಿಗೆ ಎಷ್ಟೆಂದು ದಾಳ ಹೇಳುತ್ತದೆ. ಅರಮನೆಯಲ್ಲಿ ಮೇಸ್ತ್ರಿ ಇದ್ದವನಿಗೆ ಮಾಫಿ.

ಕೇಲಸ್‌ನ ಅಭಿಮಾನಿಗಳು ಮೂಗು ಮುರಿಯುವುದು ಇಲ್ಲೇ. ಅವರ ಆಟದಲ್ಲಿ ಶುರುವಿನ ಕಟ್ಟಡಗಳ ಜೋಡಣೆ, ಮೊದಲ ಸರದಿ ಯಾರದೆಂಬುದು ಬಿಟ್ಟರೆ ಅದೃಷ್ಟಕ್ಕೆ ಎಲ್ಲೂ ಎಡೆಯಿಲ್ಲ. ಪಿಲ್ಲರ್ಸ್‌ನಲ್ಲಿ ಚೀಲ, ದಾಳ, ಚೀಟಿ ಮೂರೂ ಇವೆ. ಅಳಿಗುಳಿಮಣೆ ಆಡುವವರು ಚೌಕಾಬಾರದ ಕವಡೆ ಎಸೆಯುವವರನ್ನು ನೋಡುವ ಹಾಗೆ ನೋಡುತ್ತಾರೆ. ನಾನೂ ಕೆಲಕಾಲ ಹಾಗೇ ನೋಡಿದೆ. ಈಗ ಅಷ್ಟು ಖಚಿತವಾಗಿ ನೋಡಲಾರೆ. ಕಾರಣ ಕ್ಯಾಂಟರ್ಬರಿಯ ಒಂದು ಪ್ರಸಂಗ.

ಆ ಊರಿನ ಇಗರ್ಜಿಯ ಗರ್ಭಭಾಗ 1174ರಲ್ಲಿ, ಅಂದರೆ ಫಾಲೆಟ್ ಕತೆ ಮುಗಿಯುವ ವರ್ಷವೇ, ಬೆಂಕಿಗೆ ಆಹುತಿಯಾಯಿತು. ಅದನ್ನು ಹೊಸದಾಗಿ ಕಟ್ಟಲು ಫ್ರಾನ್ಸಿನಿಂದ ಸಾನ್ಸ್ ಊರಿನ ವಿಲಿಯಂ ಎಂಬ ಹೆಸರಾಂತ ಮೇಸ್ತ್ರಿಯನ್ನು ಕರೆಸಿದರು. 1178ರಲ್ಲಿ ಎತ್ತರದ ಅಟ್ಟಣಿಗೆಯ ಮೇಲಿಂದ ಆತ ಬಿದ್ದ. ಹಾಸಿಗೆ ಹಿಡಿದು ಕೆಲವು ದಿನ ಅಲ್ಲಿಂದಲೇ ಕೆಲಸ ಮಾಡಿಸಿದ, ಆಗದೆ ಊರಿಗೆ ಮರಳಿದ. ಇನ್ನೊಬ್ಬ ವಿಲಿಯಂ, ಇಂಗ್ಲೆಂಡಿನವನು, ಕೆಲಸ ಮುಂದುವರಿಸಿದ. ಇದನ್ನೆಲ್ಲ ಕಣ್ಣಾರೆ ಕಂಡು ಬರೆದಿಟ್ಟವನು ಗರ್ವಾಸ್ ಎಂಬ ಅದೇ ಮಠದ ಸಂನ್ಯಾಸಿ. ಫ್ರಾನ್ಸಿನ ಬೋವೆಯಲ್ಲಿ ಎಲ್ಲರಿಗಿಂತ ಎತ್ತರ ಹೋಗುತ್ತೇವೆಂದು ಎತ್ತಿದ ಚಾವಣಿ 1284ರಲ್ಲಿ ಕುಸಿಯಿತು. ಇಗರ್ಜಿ ಕಟ್ಟುವವರ ಬದುಕಿನಲ್ಲಿ ಬೆಂಕಿ, ಬೀಳುವಿಕೆ, ಕುಸಿತ, ರಾಜನ ಹೊಸ ಸುಂಕ ಇವೆಲ್ಲ ಹೇಳಿ ಕೇಳಿ ಬರುತ್ತಿರಲಿಲ್ಲ. ಹಾಗಿರುವಾಗ ಚೀಲದೊಳಗೆ ಕೈಯಿಟ್ಟು ಯಾರ ಮೇಸ್ತ್ರಿ ಬರುತ್ತಾನೋ ಎಂದು ಕಾಯುವುದು ಆ ಕಾಲಕ್ಕೆ ದೂರವಾದ ಸಂಗತಿಯೇನಲ್ಲ. ಏಳು ಹೊನ್ನಿನ ಮೆಟ್ಟಿಲಂತೂ ಬಹಳ ಜಾಣತನದ್ದು: ಅದೃಷ್ಟ ಖುಲಾಯಿಸಿದರೆ ಅದಕ್ಕೂ ಬೆಲೆ ತೆರಬೇಕು.

ಕೇಲಸ್‌ನಲ್ಲಿ ನಾವು ಹೆದರುವುದು ಎದುರು ಕೂತವನಿಗೆ, ಪಿಲ್ಲರ್ಸ್‌ನಲ್ಲಿ ಚೀಲಕ್ಕೆ. ಕೋಟೆಯೋ ಇಗರ್ಜಿಯೋ ಎಂಬುದಕ್ಕಿಂತ ಇದು ದೊಡ್ಡ ವ್ಯತ್ಯಾಸ. ಕೋಟೆಯ ಜಗತ್ತು ಅಧಿಕಾರಿಗಳದು, ಅಲ್ಲಿ ಎಲ್ಲವೂ ಯಾರೋ ಒಬ್ಬರ ಕೈಯಲ್ಲಿದೆ, ಆ ಕೈ ಯಾವುದು, ಅದರ ದರವೆಷ್ಟು ಎಂದು ತಿಳಿಯಬೇಕಷ್ಟೆ. ಇಗರ್ಜಿಯ ಜಗತ್ತು ದೇವರದು. ಅದರಲ್ಲಿ ನಿಯಮ ಕಲಿತವನಿಗೂ ಪೂರ್ತಿ ಕಾಣದ ಒಂದು ಮೂಲೆ ಇರುತ್ತದೆ. ರಚನಕಾರರು ಇದನ್ನು ಯೋಚಿಸಿಯೇ ಮಾಡಿದರೆಂದು ನಾನು ವಾದಿಸುವುದಿಲ್ಲ. ಒಬ್ಬರಿಗೆ ಪಳಗಿದ ಆಟಗಾರರು ಬೇಕಿತ್ತು, ಇನ್ನೊಬ್ಬರಿಗೆ ಕಾದಂಬರಿ ಓದಿದ ಮನೆಮಂದಿ ಬೇಕಿತ್ತು. ವ್ಯಾಪಾರದ ಲೆಕ್ಕವೂ ಇಷ್ಟೇ ದೂರ ತರುತ್ತದೆ.

ಪಿಲ್ಲರ್ಸ್‌ನ ಮೇಲೆ ನನಗಿರುವ ನಿಜವಾದ ತಕರಾರು ಅದೃಷ್ಟದ್ದಲ್ಲ. ಮಣೆಯ ನಡುವೆ ಆರು ಮರದ ತುಂಡುಗಳಿಂದ ಒಂದು ಇಗರ್ಜಿ ಏಳುತ್ತದೆ, ಸುತ್ತಿಗೊಂದು ತುಂಡಿನಂತೆ ಆರು ಸುತ್ತು. ನೋಡಲು ಅದರಷ್ಟು ಚಂದದ ವಸ್ತು ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ. ಆದರೆ ಅದನ್ನು ಕಟ್ಟುವವರು ನಾವಲ್ಲ. ನಾವು ಚೆನ್ನಾಗಿ ಆಡಲಿ, ಕೆಟ್ಟದಾಗಿ ಆಡಲಿ, ಸುತ್ತು ಮುಗಿದರೆ ತುಂಡು ಏರುತ್ತದೆ. ಅದು ಗಡಿಯಾರ. ಅಂಕ ಬರುವುದು ಬಡಗಿ, ಕಲ್ಲುಕುಟಿಗ ಮೊದಲಾದ ಕುಶಲಕರ್ಮಿಗಳ ಚೀಟಿಯಿಂದ: ಇಷ್ಟು ಮರ ಕೊಡು, ಇಷ್ಟು ಅಂಕ ತಗೋ. ಒಬ್ಬರ ಬಳಿ ಅಂಥ ಐವರಿಗಿಂತ ಹೆಚ್ಚು ಜನ ಇರುವಂತಿಲ್ಲವಾದ್ದರಿಂದ, ಇನ್ನೂ ಸಮರ್ಥ ಕೈಗಳು ಬಂದಂತೆ ಹಳಬರನ್ನು ಕಳಿಸಬೇಕಾಗುತ್ತದೆ. ಮೊದಲ ಸುತ್ತಿನಿಂದ ದುಡಿದ ಬಡಗಿಯನ್ನು ಐದನೆಯ ಸುತ್ತಿನಲ್ಲಿ ಡಬ್ಬಿಗೆ ಹಾಕುವಾಗ ಒಮ್ಮೊಮ್ಮೆ ಕಸಿವಿಸಿಯಾಗುತ್ತದೆ. ಆಟದಲ್ಲಿ ಕಾದಂಬರಿಯ ನೆರಳು ಮನಸ್ಸಿಗೆ ತಾಕುವುದು ಅಲ್ಲಿ ಒಂದೇ ಕಡೆ.

ಕೇಲಸ್‌ನ ಕೋಟೆ ಹಾಗಲ್ಲ. ಬುರುಜುಮನೆ, ಗೋಡೆ, ಗೋಪುರ ಎಂದು ಮೂರು ಹಂತ. ಒಂದು ಭಾಗ ಕಟ್ಟಲು ಮೂರು ಬೇರೆಬೇರೆ ಸಾಮಾನು ಬೇಕು, ಅದರಲ್ಲಿ ಒಂದು ಆಹಾರವೇ ಆಗಿರಬೇಕು. ಬಡಪಾಯಿ ಕೂಲಿಗಳ ಹೊಟ್ಟೆಯನ್ನು ನೆನೆದ ಈ ಒಂದು ನಿಯಮಕ್ಕಾಗಿ ನಾನು ಅತ್ತಿಯಾಗೆ ಋಣಿ. ಒಂದು ಹಂತ ಮುಗಿಯುವಾಗ ಏನೂ ಕಟ್ಟದವನ ಅಂಕ ಕಳೆಯುತ್ತಾರೆ. ಹೆಚ್ಚು ಕಟ್ಟಿದವನಿಗೆ ರಾಜನ ಕೃಪೆ. ಅದನ್ನು ಅಂಕವಾಗಿಯೋ ಕಾಸಾಗಿಯೋ ಸಾಮಾನಾಗಿಯೋ ಕಟ್ಟಡವಾಗಿಯೋ ಪಡೆಯಬಹುದು, ಒಂದೇ ದಾರಿಯಲ್ಲಿ ಪಟ್ಟು ಹಿಡಿದಷ್ಟೂ ಕೃಪೆ ಹಿರಿದಾಗುತ್ತದೆ. ರಾಜನ ಮುಖ ಎಲ್ಲೂ ಕಾಣುವುದಿಲ್ಲ, ಆದರೆ ಅವನಿಗೆ ಬೆನ್ನು ಹಾಕಿ ಊರು ಕಟ್ಟಿಕೊಂಡಿರುತ್ತೇನೆ ಎಂದವನು ಉಳಿಯುವುದೂ ಇಲ್ಲ. ಒಟ್ಟಿನಲ್ಲಿ ಆಟವಾಗಿ ನೋಡಿದರೆ ಕೇಲಸ್ ದೊಡ್ಡದು. ಅದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಪ್ರಶಸ್ತಿಗಳು ಮಾತ್ರ ಯಾರನ್ನೂ ಬಿಟ್ಟಿಲ್ಲ. ಜರ್ಮನ್ ಆಟಪ್ರಿಯರ ಮತದಿಂದ ಬರುವ ಡಾಯ್ಚರ್ ಶ್ಪೀಲೆ ಪ್ರೈಸ್ 2006ರಲ್ಲಿ ಕೇಲಸ್‌ಗೆ, 2007ರಲ್ಲಿ ಪಿಲ್ಲರ್ಸ್‌ಗೆ ಸಂದಿತು. ವರ್ಷದ ಆಟವನ್ನು ಆರಿಸುವ ಶ್ಪೀಲ್ ದೆಸ್ ಯಾರೆಸ್ ತೀರ್ಪುಗಾರರು 2006ರಲ್ಲಿ ಕೇಲಸ್‌ಗೆ ಸಂಕೀರ್ಣ ಆಟವೆಂಬ ವಿಶೇಷ ಬಹುಮಾನ ಕೊಟ್ಟರು. ಮುಖ್ಯ ಪ್ರಶಸ್ತಿ ಎರಡಕ್ಕೂ ಸಿಗಲಿಲ್ಲ.

ಮುಂದಿನ ಪೀಳಿಗೆಯನ್ನು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಕೇಲಸ್‌ನಿಂದ 2007ರಲ್ಲಿ ‘ಮ್ಯಾಗ್ನಾ ಕಾರ್ಟಾ’ ಎಂಬ ಇಸ್ಪೀಟಿನ ರೂಪ ಬಂತು, 2019ರಲ್ಲಿ ಸ್ಪೇಸ್ ಕೌಬಾಯ್ಸ್ ಸಂಸ್ಥೆಯಿಂದ ‘ಕೇಲಸ್ 1303’. ಎರಡೂ ಅದೇ ಆಟವನ್ನು ಚಿಕ್ಕದು ಮಾಡುವ, ಬೇಗ ಮುಗಿಸುವ ಯತ್ನಗಳು. 1303ರಲ್ಲಿ ಮೂಲದ ಕಾಸಿನ ಬಿಗಿ ಸಡಿಲಾಗಿದೆ, ನೋಟ ಸುಂದರವಾಗಿದೆ. ನನಗೆ ಮಾತ್ರ ಹುಣಸೆ ಹಾಕದ ಸಾರಿನಂತೆ ಅನ್ನಿಸಿತು. ಪಿಲ್ಲರ್ಸ್‌ನವರು ಚಿಕ್ಕದು ಮಾಡಲು ಹೋಗಲಿಲ್ಲ, ಕತೆ ಮುಂದುವರಿಸಿದರು. ಫಾಲೆಟ್ 2007ರಲ್ಲಿ ಬರೆದ ಎರಡನೆಯ ಕಾದಂಬರಿ, ಹದಿನಾಲ್ಕನೆಯ ಶತಮಾನದ ಅದೇ ಕಿಂಗ್ಸ್‌ಬ್ರಿಜ್‌ಗೆ ಪ್ಲೇಗು ಬರುವ ಕತೆ, 2009ರಲ್ಲಿ ‘ವರ್ಲ್ಡ್ ವಿದೌಟ್ ಎಂಡ್’ ಎಂಬ ಆಟವಾಯಿತು. ಅದೇ ಜೋಡಿಯ ರಚನೆ. ಅದರಲ್ಲಿ ಕೈಯಲ್ಲಿರುವ ಚೀಟಿಗಳಲ್ಲಿ ಒಂದನ್ನು ಆಡಿದರೆ ಇನ್ನೊಂದನ್ನು ಎಸೆಯಲೇಬೇಕು. ಬೇಕಾದ ಎರಡು ಕೆಲಸಗಳಲ್ಲಿ ಒಂದನ್ನು ಪ್ರತಿ ಸಲವೂ ಕೈಯಾರೆ ಕೊಲ್ಲಬೇಕು. ಪ್ರತಿ ಅಧ್ಯಾಯದ ಕೊನೆಗೆ ಭಕ್ತಿ, ಅನ್ನ, ಹಣ ಮೂರರ ಬಾಕಿಯನ್ನೂ ತೀರಿಸಬೇಕು. ಪಿಲ್ಲರ್ಸ್‌ನಲ್ಲಿ ಚಿತ್ರವಾಗಿದ್ದ ಮಧ್ಯಯುಗ ಇಲ್ಲಿ ಹೊಟ್ಟೆಗೆ ಇಳಿದಿದೆ. ಹಾಗೆ ನೋಡಿದರೆ ಕೇಲಸ್‌ನ ನಿಜವಾದ ಎದುರಾಳಿ ಪಿಲ್ಲರ್ಸ್ ಅಲ್ಲ, ಅದರ ತಂಗಿ.

ಎರಡರಲ್ಲೂ ಇಲ್ಲದವರು ಯಾರು ಎಂದೂ ಒಮ್ಮೆ ಕೇಳಿಕೊಳ್ಳಬೇಕು. ಹೊಲ ಉಳುವವನು ಎರಡೂ ಮಣೆಗಳಲ್ಲಿಲ್ಲ. ಕೇಲಸ್‌ನಲ್ಲಿ ಆಹಾರ ಎಂಬುದು ಗುಲಾಬಿ ಬಣ್ಣದ ಚೌಕ, ಹೊಲವೆಂಬ ಕಟ್ಟಡದಿಂದ ತಾನಾಗಿ ಬರುತ್ತದೆ. ಆ ಕಾಲದ ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದ ಕೆಲಸವೇ ಅದು. ಉಳುವವನ ಮನೆಯೊಳಗೆ ಹೋಗಿ, ಸುಗ್ಗಿಯಲ್ಲಿ ಮನೆಮಂದಿಗೆ ಊಟ ಹಾಕಲಾರದವನು ಭಿಕ್ಷೆಯ ಚೀಟಿ ಹಿಡಿಯಬೇಕೆಂದು ನಿಯಮ ಮಾಡಿದ್ದು ಅಗ್ರಿಕೋಲ. ಅದರ ಕಾಲ ಇನ್ನೂ ಈಚಿನದು, ಹದಿನೇಳನೆಯ ಶತಮಾನ.

ಹೊತ್ತು, ಜನ ಎಂದು ಕೇಳುವವರಿಗೆ: ಕೇಲಸ್‌ಗೆ ಐದು ಜನ ಕೂರಬಹುದು, ಮೂವರು ಕೂತರೆ ಸೊಗಸು; ಎರಡೂವರೆ ಗಂಟೆ ಬಿಟ್ಟುಕೊಡಿ. ಅದನ್ನು ಬೋರ್ಡ್ ಗೇಮ್ ಅರೇನಾ ಜಾಲತಾಣದಲ್ಲಿ ದೂರದವರ ಜೊತೆಯೂ ಆಡಬಹುದು. ಪಿಲ್ಲರ್ಸ್ ನಾಲ್ವರವರೆಗೆ ಮಾತ್ರ, ಅಷ್ಟೂ ಜನ ಇದ್ದರೇ ಚೀಲಕ್ಕೆ ಕಳೆ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಸೋತವರು ಎದ್ದು ಹೋಗುವಾಗ ಮುಖ ಹೇಗಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಮನೆಯಲ್ಲಿ ಕೇಲಸ್ ಪೆಟ್ಟಿಗೆ ವರ್ಷಕ್ಕೆ ಎರಡು ಮೂರು ಸಲ ಕೆಳಗೆ ಇಳಿಯುತ್ತದೆ. ಪಿಲ್ಲರ್ಸ್‌ನ ಮೂಲೆಗಳು ಸವೆದು ಟೇಪು ಹಚ್ಚಿಯಾಗಿದೆ.

ಕಳೆದ ದೀಪಾವಳಿಗೆ ಮೈಸೂರಿನಿಂದ ಬಂದಿದ್ದ ಚಿಕ್ಕಮ್ಮ ನಾಲ್ಕನೆಯವರಾಗಿ ಕೂತರು. ಜೀವಮಾನವಿಡೀ ಚೌಕಾಬಾರ ಆಡಿದ ಕೈ. ಚೀಲದಿಂದ ಮೊದಲು ಹೊರಬಂದದ್ದು ಅವರದೇ ಮೇಸ್ತ್ರಿ.

“ಈಗ್ಲೇ ಕೂರಿಸ್ಬೇಕಾದ್ರೆ ಏಳು ಹೊನ್ನು ಕೊಡ್ಬೇಕು ಚಿಕ್ಕಮ್ಮ,” ಎಂದೆ.

“ಕೊಡದಿದ್ರೆ?”

“ಕಾಯ್ಬೇಕು. ಎಲ್ಲರದ್ದೂ ಆದ್ಮೇಲೆ ಉಳಿದ ಕಡೆ.”

“ಕಾಯಲಿ ಬಿಡು. ನಿಮ್ಮ ಮೂರೂ ಜನರ ಕಣ್ಣು ಆ ಸಂತೆ ಮೇಲಿದೆ. ನನಗೆ ಬೇಕಾಗಿರೋ ಜಾಗ ನಿಮಗ್ಯಾರಿಗೂ ಬೇಡ.”

ನಾವು ಆರು, ಐದು, ನಾಲ್ಕು ಎಂದು ಎಣಿಸಿ ಕೊಟ್ಟು ಸಂತೆಯ ಸುತ್ತ ಮುಗಿಬಿದ್ದೆವು. ಚೀಲ ಖಾಲಿಯಾಯಿತು. ಚಿಕ್ಕಮ್ಮ ಕಾಯುತ್ತಿದ್ದ ಮೇಸ್ತ್ರಿಯನ್ನು ಎತ್ತಿ, ಒಂದು ಕಾಸೂ ಬಿಚ್ಚದೆ, ತಮಗೆ ಬೇಕಾದ ಕಡೆ ಇಟ್ಟು ಕಾಫಿ ತರಲು ಎದ್ದರು.